ನೆಲವೇ ಡೊಂಕು

ಮೂವತ್ತು ದಿನದಲ್ಲಿ ಆಸ್ಪತ್ರೆ ಎಂದು ಗೇಟಿನ ಪಕ್ಕ ದೊಡ್ಡ ಬೋರ್ಡು ನಿಲ್ಲಿಸಿದ್ದರು. ಬೋರ್ಡಿನಲ್ಲಿ ನಗುವ ಡಾಕ್ಟರು, ನಗುವ ನರ್ಸು, ನಗುವ ರೋಗಿ. ರೋಗಿ ಯಾಕೆ ನಗುತ್ತಿದ್ದಾನೆಂದು ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ಆ ಬೋರ್ಡಿನ ಹಿಂದೆ ನಾವು ಹನ್ನೊಂದು ಜನ ಹೆಂಗಸರು ಉಚ್ಚೆ ಹೊಯ್ಯುತ್ತಿದ್ದೆವು.

ಬೇರೆ ಜಾಗ ಇರಲಿಲ್ಲ. ಬೋರ್ಡು ರಸ್ತೆಯವರ ಕಣ್ಣಿಗೆ ಮರೆಯಾಗಿತ್ತು. ಒಳಗಿದ್ದ ಅರವತ್ತು ಗಂಡಸರ ಕಣ್ಣಿಗಲ್ಲ. ಅದಕ್ಕೇ ಬೆಳಕು ಹರಿಯುವ ಮೊದಲು ಒಂದು ಸಲ, ಮಬ್ಬುಗತ್ತಲಾದ ಮೇಲೆ ಒಂದು ಸಲ. ನಡುವಿನ ಹನ್ನೆರಡು ಗಂಟೆ ಕಟ್ಟಿಕೊಂಡಿರಬೇಕು. ಗಂಡಸರಿಗೆ ಆ ಕಷ್ಟವಿಲ್ಲ. ಆಡುತ್ತಿದ್ದ ಮಾತು ನಿಲ್ಲಿಸದೆ ಗೋಡೆ ಕಡೆ ತಿರುಗಿದರೆ ಮುಗಿಯಿತು. ನಾವು ನೀರು ಕುಡಿಯುವುದನ್ನೇ ಬಿಟ್ಟೆವು. ಬಿಸಿಲಲ್ಲಿ ಸಿಮೆಂಟು ಹೊತ್ತು, ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡರೂ ಕೊಡದ ಕಡೆ ನೋಡುತ್ತಿರಲಿಲ್ಲ. ಹತ್ತು ದಿನದಲ್ಲಿ ನನಗೆ ಉರಿಮೂತ್ರ ಹಿಡಿಯಿತು. ಆಸ್ಪತ್ರೆ ಕಟ್ಟುವ ಕೆಲಸದಿಂದಲೇ ಆಸ್ಪತ್ರೆಗೆ ಹೋಗುವ ಕಾಯಿಲೆ. ಗಿರಾಕಿಯನ್ನೂ ಕಂಪನಿಯೇ ತಯಾರು ಮಾಡುತ್ತಿತ್ತು.

ಇದು ಇಟ್ಟಿಗೆ ಮೇಲೆ ಇಟ್ಟಿಗೆ ಇಡುವ ಕಟ್ಟಡವಲ್ಲ. ಕೋಣೆಗಳು ದೂರದ ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯ ಮೇಲೆ ಬರುತ್ತವೆ. ಕಿಟಕಿ, ಬಾಗಿಲು, ದೀಪ, ಫ್ಯಾನು, ಕನ್ನಡಿ, ಎಲ್ಲವೂ ಒಳಗೇ ಕೂತಿರುತ್ತವೆ. ಕ್ರೇನು ಎತ್ತಿ ಇಡುತ್ತದೆ. ಪಕ್ಕಕ್ಕೊಂದು, ಮೇಲಕ್ಕೊಂದು. ಕಂಪನಿಯವರು ಅದನ್ನು ಮಾಡ್ಯೂಲ್ ಎನ್ನುತ್ತಿದ್ದರು, ನಾವು ಪೆಟ್ಟಿಗೆ ಎನ್ನುತ್ತಿದ್ದೆವು. ಒಟ್ಟು ನಲವತ್ತೆಂಟು ಪೆಟ್ಟಿಗೆ. ಒಂದೊಂದು ಪೆಟ್ಟಿಗೆಯಲ್ಲೂ ಒಂದೊಂದು ಕಕ್ಕಸು. ಬಿಳಿ ಟೈಲು, ಬಿಳಿ ಕಮೋಡು, ಅದಕ್ಕೆ ಪ್ಲಾಸ್ಟಿಕ್ ಹೊದಿಕೆ. ನಲವತ್ತೆಂಟು ಕಕ್ಕಸುಗಳು ನಮ್ಮ ತಲೆಯ ಮೇಲೆ ಗಾಳಿಯಲ್ಲಿ ತೇಲಿ ಹೋಗುವುದನ್ನು ನಾವು ಕಾಲು ಕೂಡಿಸಿಕೊಂಡು ನಿಂತು ನೋಡುವುದಿತ್ತು.

ನಾವು ಎಂದರೆ ಮುಖ್ಯವಾಗಿ ಮೂವರು. ನಾನು, ನನ್ನ ಅಣ್ಣ, ಅಣ್ಣನ ಹೆಂಡತಿ. ಹಿಂದಿನ ಕಟ್ಟಡದಿಂದಲೂ ನನ್ನ ಕೆಲಸ ಎರಡು ಪೆಟ್ಟಿಗೆಗಳ ನಡುವಿನ ಸಂದಿಗೆ ಅಂಟು ತುಂಬುವುದು. ಅದಕ್ಕೇ ಎಲ್ಲರೂ ನನ್ನನ್ನು ಅಂಟು ಎಂದೇ ಕರೆಯುತ್ತಿದ್ದರು. ಆ ಅಂಟು ಬೆರಳಿನ ಗೆರೆಗಳಲ್ಲಿ ಕೂತು ಒಣಗಿ, ಹಾಜರಿ ಮಿಷನ್ನಿಗೆ ನನ್ನ ಹೆಬ್ಬೆಟ್ಟು ಗುರುತು ಸಿಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅದು ಕೆಂಪು ದೀಪ ಹತ್ತಿಸಿ, ನೀನು ನೀನಲ್ಲ ಎನ್ನುತ್ತಿತ್ತು. ನಾನು ಕಲ್ಲಿಗೆ ಹೆಬ್ಬೆಟ್ಟು ಉಜ್ಜಿ, ಚರ್ಮ ಸುಲಿದು, ನಾನು ನಾನೇ ಎಂದು ಸಾಬೀತು ಮಾಡುತ್ತಿದ್ದೆ. ಅಣ್ಣ ಕ್ರೇನಿಗೆ ಕೊಕ್ಕೆ ಸಿಕ್ಕಿಸುವವನು. ಪೆಟ್ಟಿಗೆಯ ಮೂಲೆಗಳಿಗೆ ಕೊಕ್ಕೆ ಹಾಕಿ, ಕೆಳಗೆ ನಿಂತು ಕೈಸನ್ನೆ ಮಾಡಬೇಕು. ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ. ಮೇಲೆ ಗಾಜಿನ ಗೂಡಲ್ಲಿ ಕೂತ ಕ್ರೇನಿನವನು ಇವನ ಕೈಯನ್ನು ಬಿಟ್ಟರೆ ದೇವರು ಹೇಳಿದರೂ ಕೇಳುವ ಹಾಗಿಲ್ಲ. ಅದು ಅವರ ಕಾಯಿದೆ. ಇಡೀ ದಿನ ಕೈಯಲ್ಲೇ ಮಾತಾಡಿ ಮಾತಾಡಿ ಅಣ್ಣ ಬಾಯಲ್ಲಿ ಮಾತಾಡುವುದನ್ನು ಮರೆತಿದ್ದ.

ಮರೆತದ್ದನ್ನೆಲ್ಲ ಅತ್ತಿಗೆ ಆಡುತ್ತಿದ್ದಳು. ಅತ್ತಿಗೆಯ ಅಪ್ಪ ಹಳೆಯ ಕಾಲದ ಮೇಸ್ತ್ರಿ. ಅವನಿಂದ ಅವಳಿಗೆ ಬಂದದ್ದು ಎರಡೇ: ಉದ್ದನೆಯ ಒಂದು ಪಾರದರ್ಶಕ ಪೈಪು, ಅದಕ್ಕಿಂತ ಉದ್ದನೆಯ ನಾಲಿಗೆ. ಪೈಪಿಗೆ ನೀರು ತುಂಬಿ, ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದರೆ ನೆಲದ ಮಟ್ಟ ತಿಳಿಯುತ್ತದೆ. ನೀರಿಗೆ ಪಕ್ಷಪಾತವಿಲ್ಲ. ಲೋಕದಲ್ಲಿ ಅತ್ತಿಗೆ ನಾದಿನಿಯರು ಜಡೆ ಹಿಡಿದು ಎಳೆದಾಡುತ್ತಾರಂತೆ. ನಾವು ಪೈಪಿನ ಎರಡು ತುದಿ ಹಿಡಿದುಕೊಂಡು ಹತ್ತು ವರ್ಷ ಕಳೆದಿದ್ದೆವು.

ಪ್ರಾಜೆಕ್ಟ್ ಮ್ಯಾನೇಜರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇತ್ತು. ನಾವು ಮೂವತ್ತು ಎನ್ನುತ್ತಿದ್ದೆವು. ಬಾಯಿ ತೆರೆದರೆ ಅದೇ. ದಿನಾ ಬೆಳಿಗ್ಗೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕೈ ಮೈಕಿನಲ್ಲಿ ಭಾಷಣ.

"ಕಾರ್ಖಾನೆಯಲ್ಲಿ ಕೋಣೆ ರೆಡಿಯಾಗೋ ಹೊತ್ತಿಗೆ ಇಲ್ಲಿ ಪಾಯ ರೆಡಿ ಇರಬೇಕು. ಎರಡು ಕಡೆ ಕೆಲಸ, ಒಂದೇ ಗಡಿಯಾರ. ಏನೇನು ಬೇಕೋ ಎಲ್ಲಾ ಮೊದಲೇ ತೀರ್ಮಾನ ಆಗಿರಬೇಕು. ಆಮೇಲೆ ಬದಲಾಯಿಸೋ ಹಾಗಿಲ್ಲ. ಇಂಥ ಪ್ರಾಜೆಕ್ಟ್ ಗೆಲ್ಲೋ ಗುಟ್ಟೇ ಇದು. ನಾವೆಲ್ಲ ಒಂದೇ ತಂಡ!"

ಅತ್ತಿಗೆ ನನ್ನ ಕಿವಿಯ ಹತ್ತಿರ ಬಾಗಿದಳು. "ಎಲ್ಲಾ ಮೊದಲೇ ತೀರ್ಮಾನ ಮಾಡಿದಾನಂತೆ ಕಣೇ. ಹನ್ನೊಂದು ಹೆಂಗಸರು ಎಲ್ಲಿ ಕೂರಬೇಕು ಅನ್ನೋದೊಂದು ಮರೆತುಬಿಟ್ಟಿದಾನೆ."

ಆರನೇ ದಿನ ಅವಳೇ ಮುಂದೆ ಹೋಗಿ ಕೇಳಿದಳು. "ಸಾರ್, ನಾಲ್ಕು ತಗಡು, ಒಂದು ಗುಂಡಿ. ಅರ್ಧ ದಿನದ ಕೆಲಸ. ನಾವೇ ಅಗೀತೀವಿ."

"ಅರ್ಧ ದಿನ?" ಮೂವತ್ತು ಗಡಿಯಾರ ನೋಡಿದ. "ನನ್ನ ಹತ್ರ ಇರೋದೇ ಇಪ್ಪತ್ನಾಲ್ಕು ದಿನ ಅಮ್ಮಾ. ಅಷ್ಟು ದಿನ ತಡ್ಕೊಳ್ಳೋಕಾಗಲ್ವಾ?"

ಇಪ್ಪತ್ನಾಲ್ಕು ದಿನ ತಡೆದುಕೊಳ್ಳಲು ಹೇಳಿದ ಮೊದಲ ಮನುಷ್ಯ ಅವನೇ ಇರಬೇಕು.

ಪಾಯದ ಕೆಲಸ ಹೀಗಿತ್ತು. ಸೊಂಟದೆತ್ತರದ ಕಾಂಕ್ರೀಟಿನ ಮೋಟು ಕಂಬಗಳು, ಅವುಗಳ ತಲೆಯ ಮೇಲೆ ಉಕ್ಕಿನ ತಟ್ಟೆಗಳು. ಪೆಟ್ಟಿಗೆಯ ನಾಲ್ಕು ಕಾಲು ಆ ತಟ್ಟೆಗಳ ಮೇಲೆ ಕೂರಬೇಕು. ಎಲ್ಲ ತಟ್ಟೆಗಳೂ ಒಂದೇ ಮಟ್ಟದಲ್ಲಿರಬೇಕು. ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಾಗಿಲು ಹಿಡಿದುಕೊಳ್ಳುತ್ತದೆ, ಪೈಪುಗಳು ಒಂದಕ್ಕೊಂದು ಸೇರುವುದಿಲ್ಲ, ಮೇಲಿನ ಪೆಟ್ಟಿಗೆ ಇನ್ನೂ ಓರೆಯಾಗುತ್ತದೆ. ಮಟ್ಟ ನೋಡಲು ಒಬ್ಬ ಇಂಜಿನಿಯರು ಇದ್ದ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಲೇಸರ್ ಮಿಷನ್ ಇಟ್ಟು, ಕೆಂಪು ಗೆರೆ ಬಿಡುತ್ತಿದ್ದ. ಅವನನ್ನು ಲೇಸರ್ ಸಾರ್ ಎನ್ನುತ್ತಿದ್ದೆವು. ಮಿಷನ್ನಿಗೆ ಬಿಸಿಲು ತಾಗಬಾರದೆಂದು ಕೊಡೆ ಹಿಡಿಯಲು ಒಬ್ಬ ಆಳಿದ್ದ. ನಮಗೆ ತಾಗುವ ಬಿಸಿಲಿಗೆ ಆಳಿರಲಿಲ್ಲ.

ಒಂದು ಮಧ್ಯಾಹ್ನ ಅತ್ತಿಗೆ ಎರಡನೇ ಸಾಲಿನ ಕೊನೆಯಲ್ಲಿ ನಿಂತು ತಲೆ ಓರೆ ಮಾಡಿ ನೋಡುತ್ತಿದ್ದಳು.

"ಅಂಟೂ, ಪೈಪ್ ತಗೊಂಡು ಬಾರೇ. ನನ್ನ ಕಣ್ಣಿಗೆ ಏನೋ ಸರಿ ಕಾಣ್ತಿಲ್ಲ."

ಎಲ್ಲರೂ ಊಟಕ್ಕೆ ಕೂತಾಗ ನಾವು ಪೈಪು ಹಿಡಿದೆವು. ಎರಡು ಕೋಲಿಗೆ ಒಂದೇ ಎತ್ತರದಲ್ಲಿ ಗೆರೆ ಎಳೆದು, ಒಂದನ್ನು ಮೊದಲ ತಟ್ಟೆಯ ಮೇಲೆ ನಾನು ನಿಲ್ಲಿಸಿದೆ, ಇನ್ನೊಂದನ್ನು ಕೊನೆಯ ತಟ್ಟೆಯ ಮೇಲೆ ಅವಳು. ನನ್ನ ಕಡೆ ನೀರು ಗೆರೆಗೆ ಸರಿಯಾಗಿ ನಿಂತಿತು. ಅವಳ ಕಡೆ ಗೆರೆಗಿಂತ ಎರಡು ಬೆರಳು ಮೇಲೆ ನಿಂತಿತು. ಅಂದರೆ ಅಲ್ಲಿ ತಟ್ಟೆ ಎರಡು ಬೆರಳು ತಗ್ಗಿನಲ್ಲಿದೆ. ಎರಡನೇ ಸಾಲಿನ ಕೊನೆಯ ಮೂರು ಪೆಟ್ಟಿಗೆಗಳ ಜಾಗದಲ್ಲಿ ಒಂದೊಂದು ತಟ್ಟೆ ಒಂದೊಂದು ಮಟ್ಟದಲ್ಲಿತ್ತು. ಮೊದಲ ಸಾಲು ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಯಾಕೆಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಎರಡನೇ ಸಾಲಿನ ಕೆಲಸ ಅರ್ಧವಾದಾಗ ಲೇಸರ್ ಸಾರ್ ಮಿಷನ್ನಿನ ಸ್ಟ್ಯಾಂಡನ್ನು ಹೊಸದಾಗಿ ಮಣ್ಣು ತುಂಬಿದ ಜಾಗಕ್ಕೆ ಸರಿಸಿದ್ದ. ಅಲ್ಲಿ ನೆರಳಿತ್ತು. ಹಿಂದಿನ ದಿನ ನೀರಿನ ಟ್ಯಾಂಕರು ಅಲ್ಲೇ ಸೋರಿತ್ತು. ಹಸಿ ಮಣ್ಣಲ್ಲಿ ಸ್ಟ್ಯಾಂಡಿನ ಕಾಲು ನಿಧಾನಕ್ಕೆ ಇಳಿದಿದೆ. ಮಿಷನ್ ಇಳಿದರೆ ಕೆಂಪು ಗೆರೆಯೂ ಇಳಿಯುತ್ತದೆ. ಗೆರೆ ಇಳಿದರೆ ತಟ್ಟೆಯೂ.

ಅವಳು ಹೋಗಿ ಹೇಳಿದಳು. ಲೇಸರ್ ಸಾರ್ ಪೈಪನ್ನು ಎರಡು ಬೆರಳಲ್ಲಿ ಹಾವು ಎತ್ತುವ ಹಾಗೆ ಎತ್ತಿದ.

"ಇದರಲ್ಲಿ ನೋಡಿದ್ಯಾ? ನನ್ನ ಮಿಷನ್ ಎಲ್ಲಿಂದ ಬಂದಿದೆ ಗೊತ್ತಾ? ಅದು ಸುಳ್ಳು ಹೇಳುತ್ತಾ?"

"ಮಿಷನ್ ಸುಳ್ಳು ಹೇಳಲ್ಲ ಸಾರ್. ಅದು ನಿಂತಿರೋ ಜಾಗ ಹೇಳುತ್ತೆ."

ಮೂವತ್ತು ಅಲ್ಲೇ ನಿಂತಿದ್ದ. ಅವನಿಗೆ ನಗು ಬಂತು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಹೋಗಮ್ಮ, ಸಿಮೆಂಟ್ ಹೊರು."

ಸುತ್ತ ನಿಂತವರೆಲ್ಲ ನಕ್ಕರು. ಮೇಲಿನವರು ನಕ್ಕಾಗ ಕೆಳಗಿನವರೂ ನಗಬೇಕು. ಅದೂ ಕೂಲಿಯಲ್ಲೇ ಸೇರಿದೆ.

"ನಾನು ಕುಣಿಯೋಕೆ ಬಂದಿಲ್ಲ ಸಾರ್" ಎಂದಳು ಅತ್ತಿಗೆ. "ನೆಲವೇ ಡೊಂಕು."

ಯಾರೂ ಕೇಳಿಸಿಕೊಳ್ಳಲಿಲ್ಲ.

ಹದಿನಾರನೇ ದಿನ ಪೆಟ್ಟಿಗೆಗಳು ಬಂದವು. ಮೊದಲ ಸಾಲಿನ ಎಂಟೂ ಬೆಣ್ಣೆಯಲ್ಲಿ ಬೆರಳು ಇಳಿದ ಹಾಗೆ ಇಳಿದು ಕೂತವು. ಮೂವತ್ತು ಫೋಟೋ ತೆಗೆಸಿಕೊಂಡ. ನಾನು ಐದನೇ ಪೆಟ್ಟಿಗೆಯೊಳಗೆ ಸಂದಿಗೆ ಅಂಟು ತುಂಬುತ್ತಿದ್ದೆ. ಆ ದಿನ ಜ್ವರ ಬಂದಿತ್ತು. ಕಿಬ್ಬೊಟ್ಟೆಯಲ್ಲಿ ಕಾದ ಸಲಾಕೆ ಆಡಿಸಿದ ಹಾಗೆ. ಹನ್ನೊಂದು ಗಂಟೆ ಇರಬಹುದು. ಮಬ್ಬುಗತ್ತಲಿಗೆ ಇನ್ನೂ ಎಂಟು ಗಂಟೆ. ಎದುರಿಗೇ ಕಕ್ಕಸಿನ ಬಾಗಿಲು.

ನಾನು ಒಳಗೆ ಹೋದೆ. ಪ್ಲಾಸ್ಟಿಕ್ ಹೊದಿಕೆ ಸರಿಸಿದೆ. ಕೂತೆ. ಉರಿ ತಡೆಯಲಾರದೆ ಕಣ್ಣಲ್ಲಿ ನೀರು ಬಂತು. ಆದರೂ ಹದಿನಾರು ದಿನದಲ್ಲಿ ಮೊದಲ ಸಲ, ಯಾರಾದರೂ ನೋಡಿದರೆ ಎಂದು ಕತ್ತು ತಿರುಗಿಸದೆ ಕೂತಿದ್ದೆ. ಬಾಗಿಲು ಹಾಕಿತ್ತು. ಬಾಗಿಲು ಎಂಬುದು ಎಷ್ಟು ದೊಡ್ಡ ವಸ್ತು ಎಂದು ಬಾಗಿಲಿದ್ದವರಿಗೆ ಗೊತ್ತಾಗುವುದಿಲ್ಲ.

ಕೆಳಗಿನಿಂದ ಕೂಗು ಕೇಳಿತು. "ಏಯ್! ಯಾರದು ನೀರಿನ ಲೈನ್ ಬಿಟ್ಟಿದ್ದು?"

ಪೆಟ್ಟಿಗೆಯ ಪೈಪಿಗೆ ಇನ್ನೂ ಕೆಳಗಿನ ಪೈಪು ಜೋಡಿಸಿರಲಿಲ್ಲ. ಪಾಯದ ನಡುವೆ ಬಗ್ಗಿ, ಆ ತೂತು ಸರಿಯಾದ ಜಾಗದಲ್ಲಿದೆಯೇ ಎಂದು ಮೇಲೆ ಮುಖ ಮಾಡಿ ನೋಡುತ್ತಿದ್ದವನು ಲೇಸರ್ ಸಾರ್. ತೂತು ಸರಿಯಾದ ಜಾಗದಲ್ಲೇ ಇತ್ತು.

ಇವತ್ತಿಗೂ ಅದನ್ನು ನೆನೆದರೆ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಆ ದಿನ ಯಾರೂ ನಗಲಿಲ್ಲ.

ಮೂವತ್ತು ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿದ. ಕೈ ಮೈಕು ಹಿಡಿದ. "ನೋಡಿ ಇವಳನ್ನ. ಇದು ಪೇಷಂಟುಗಳಿಗೆ ಅಂತ ಕಟ್ಟಿರೋದು. ಮನುಷ್ಯರು ಉಪಯೋಗಿಸೋ ಜಾಗ ಇದು!"

ಆ ಕಮೋಡನ್ನು ನನ್ನಿಂದ ತೊಳೆಸಿದ. ಬರಿಗೈಯಲ್ಲಿ. ಆಮೇಲೆ ಯಾರೂ ಮುಟ್ಟದಿದ್ದ ಉಳಿದ ಏಳನ್ನೂ ತೊಳೆಸಿದ. ಲೇಸರ್ ಸಾರ್‌ನ ಶರಟು ಒಗೆಸಿದ. ಮಂಡಿಯೂರಿ ಟೈಲು ಉಜ್ಜುವಾಗ ಅರವತ್ತು ಗಂಡಸರು ನೋಡುತ್ತಿದ್ದರು. ಅವರ ಕಣ್ಣಿಗೆ ಬೀಳಬಾರದೆಂದೇ ಹದಿನಾರು ದಿನ ನಾನು ಉಚ್ಚೆ ಕಟ್ಟಿಕೊಂಡಿದ್ದು. ಅವರಲ್ಲಿ ನನ್ನ ಅಣ್ಣನೂ ಇದ್ದ. ಅವನು ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನೆಲ ನೋಡುತ್ತಿದ್ದ.

ಊಟದ ಹೊತ್ತು ಕಳೆದು ಒಂದು ಗಂಟೆಯೊಳಗೆ ನಲವತ್ತೆಂಟು ಬೀಗ ಬಂದವು. ಬಂದ ಎಂಟು ಕಕ್ಕಸಿಗೆ ಅಲ್ಲೇ ಬೀಗ, ಬರಲಿರುವ ನಲವತ್ತರ ಬೀಗ ಕಾರ್ಖಾನೆಗೇ ಹೋದವು. ಕೀಲಿ ಗೊಂಚಲು ವಾಚ್‌ಮನ್ನಿನ ಸೊಂಟಕ್ಕೆ. ನಾಲ್ಕು ತಗಡಿಗೆ ಹದಿನಾರು ದಿನ ಸಮಯ ಸಿಗಲಿಲ್ಲ. ನಲವತ್ತೆಂಟು ಬೀಗಕ್ಕೆ ಒಂದು ಗಂಟೆ ಸಿಕ್ಕಿತು.

ಸಂಜೆ ನಮ್ಮ ತಗಡಿನ ಗೂಡಲ್ಲಿ ಅತ್ತಿಗೆ ಅಣ್ಣನ ಮುಂದೆ ತಟ್ಟೆ ಕುಕ್ಕಿದಳು.

"ಕೈ ಎರಡೂ ಇದಾವೆ. ನಾಲಿಗೆ ಎಲ್ಲಿ ಹೋಯ್ತು?"

"ನಾನು ಬಾಯಿ ಬಿಟ್ರೆ ಮೂರು ಜನಾನೂ ಹೊರಗೆ ಹಾಕ್ತಾರೆ" ಎಂದ ಅಣ್ಣ.

"ಈಗೇನು ಒಳಗಿದೀವಾ?"

ಅಣ್ಣ ಊಟ ಮಾಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ನಾನೇ ಬಾಯಿ ಮುಚ್ಚಿಕೊಂಡು ಎಂಟು ಕಮೋಡು ತೊಳೆದಿದ್ದೆ. ಒಂಬತ್ತನೆಯದು ಇದ್ದಿದ್ದರೆ ಅದನ್ನೂ ತೊಳೆಯುತ್ತಿದ್ದೆ. ಸಿಟ್ಟು ಬಂದದ್ದು ನನ್ನ ಮೇಲೆ.

ಹತ್ತೊಂಬತ್ತನೇ ದಿನ ಎರಡನೇ ಸಾಲಿನ ಕೊನೆಗೆ ಬಂದೆವು. ಪೆಟ್ಟಿಗೆ ಇಳಿಯಿತು. ಮೂರು ಕಾಲು ಕೂತಿತು. ನಾಲ್ಕನೆಯದು ಗಾಳಿಯಲ್ಲಿ ನಿಂತಿತು. ಅದರ ಕೆಳಗೆ ನನ್ನ ಎರಡು ಬೆರಳು ಸಲೀಸಾಗಿ ಹೋಗುತ್ತಿತ್ತು. ಪೆಟ್ಟಿಗೆ ಕಿರ್ರೆಂದಿತು. ಒಳಗೆ ಎಲ್ಲೋ ಒಂದು ಟೈಲು ಟಪ್ ಎಂದು ಸೀಳಿತು. ಮತ್ತೆ ಎತ್ತಿ ಮತ್ತೆ ಇಳಿಸಿದರು. ಅದೇ. ಹಾರೆ ಹಾಕಿ ಮೀಟಿದರು. ಅದೇ. ಹನ್ನೊಂದು ಟನ್ನಿನ ಪೆಟ್ಟಿಗೆ ಮೂವತ್ತರ ಮಾತು ಕೇಳಲಿಲ್ಲ. ಹಿಂದೆ ಲಾರಿಗಳು ರಸ್ತೆಯವರೆಗೂ ಸಾಲುಗಟ್ಟಿದವು.

ಲೇಸರ್ ಸಾರ್ ಬೆವರು ಒರೆಸಿಕೊಳ್ಳುತ್ತಿದ್ದ. ಮೂವತ್ತು ಗಡಿಯಾರ ನೋಡಿದ.

"ಪೆಟ್ಟಿಗೆನ ಒಂದು ಗೇಣು ಮೇಲೆ ಎತ್ತಿ ಹಿಡಿಯಲಿ. ಸಣ್ಣ ಮೈಯವರು ಯಾರಾದ್ರೂ ಕೆಳಗೆ ತೂರಿ ತಗಡಿನ ಪಟ್ಟಿ ಇಡಲಿ. ಎರಡು ನಿಮಿಷದ ಕೆಲಸ." ಸುತ್ತ ನೋಡಿದ. ಕಣ್ಣು ನನ್ನ ಮೇಲೆ ನಿಂತಿತು. "ನೀನು ಹೋಗು. ಮೊನ್ನೆ ಕೇಳದೆ ಒಳಗೆ ನುಗ್ಗಿದೆಯಲ್ಲ, ಇವತ್ತು ಕೆಳಗೆ ನುಗ್ಗು."

ತೂಗುವ ಹೊರೆಯ ಕೆಳಗೆ ಹೋಗಬಾರದು ಎಂದು ಅವರದೇ ಬೋರ್ಡು ಅಲ್ಲಿ ನೇತಾಡುತ್ತಿತ್ತು. ತಲೆಬುರುಡೆಯ ಚಿತ್ರ ಸಮೇತ.

ನಾನು ಮಂಡಿಯೂರಿದೆ. ಇದನ್ನು ಬಚ್ಚಿಡುವುದಿಲ್ಲ. ಮೂರು ದಿನದ ಹಿಂದೆ ಬಗ್ಗಿದ ಮೈ ಹಾಗೇ ಇತ್ತು. ಹೋಗು ಎಂದ ಕೂಡಲೇ ಬಗ್ಗಿತು. ಕೈಗೆ ಯಾರೋ ತಗಡಿನ ಪಟ್ಟಿ ಕೊಟ್ಟರು. ಪೆಟ್ಟಿಗೆ ಮೇಲೆದ್ದು ತೂಗಾಡಿತು. ಅದರ ನೆರಳು ನನ್ನ ಬೆನ್ನ ಮೇಲೆ ಬಿತ್ತು. ಒಳಗೆ ಕಕ್ಕಸಿನ ಬೀಗ ಬಾಗಿಲಿಗೆ ಬಡಿಯುತ್ತಿತ್ತು. ಟಿಣ್, ಟಿಣ್.

ಕುತ್ತಿಗೆಯ ಹಿಂದೆ ಯಾರೋ ಬಟ್ಟೆ ಹಿಡಿದು ಎಳೆದರು. ಅತ್ತಿಗೆ.

"ಏಳೇ."

"ಅತ್ತಿಗೆ, ಎರಡೇ ನಿಮಿಷ..."

"ಏಳು ಅಂದೆ. ನಿನ್ನ ಅಂಟು ಹಾಕಿ ನಿನ್ನ ಬೆನ್ನುಮೂಳೆ ಸೇರಿಸೋಕಾಗಲ್ಲ."

ಮೂವತ್ತು ಅಣ್ಣನ ಕಡೆ ತಿರುಗಿ ಕೂಗಿದ. "ಏಯ್ ಕೊಕ್ಕೆ! ನಿಮ್ಮ ಮನೆ ಜಗಳ ಆಮೇಲೆ. ನೀನು ಪೆಟ್ಟಿಗೆ ಹಿಡ್ಕೊ, ಸಿಗ್ನಲ್ ಕೊಡು!"

ಅಣ್ಣ ಅವನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಆಮೇಲೆ ಎರಡೂ ಕೈಗಳನ್ನು ಅಡ್ಡಕ್ಕೆ ಚಾಚಿ ನಿಂತ. ಆ ಸನ್ನೆಗೆ ಒಂದೇ ಅರ್ಥ. ಎಲ್ಲಾ ನಿಲ್ಲಿಸು. ಮೇಲೆ ಗಾಜಿನ ಗೂಡಲ್ಲಿ ಕ್ರೇನಿನವನು ಹಿಡಿಕೆಯಿಂದ ಕೈ ತೆಗೆದ. ಕ್ರೇನು ನಿಂತಿತು. ಅಣ್ಣ ನಿಧಾನವಾಗಿ ಇನ್ನೊಂದು ಸನ್ನೆ ಮಾಡಿದ. ಪೆಟ್ಟಿಗೆ ಪಕ್ಕಕ್ಕೆ ತಿರುಗಿ, ಲಾರಿಯ ಮೇಲೆ ಹೋಗಿ ಕೂತಿತು. ಅಣ್ಣ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿದ. ನಾಲ್ಕನೆಯದು ಬಿಚ್ಚಿದ ಮೇಲೆ ಅವನಿಗೆ ಬಾಯಿ ಬಂತು.

"ಅವಳು ನನ್ನ ತಂಗಿ. ತಂಗಿ ಅಲ್ಲದೆ ಇದ್ರೂ ಹೋಗಲ್ಲ. ಯಾರೂ ಹೋಗಲ್ಲ."

"ನೀನು ಯಾವನೋ ಹೇಳೋಕೆ?"

"ಕೊಕ್ಕೆ" ಎಂದ ಅಣ್ಣ.

ಅತ್ತಿಗೆ ನೆಲದ ಮೇಲೆ ಕೂತಳು. ನಾನು ಅವಳ ಪಕ್ಕ ಕೂತೆ. ಹಿಂದಿನಿಂದ ಒಬ್ಬಳು ಬಂದು ಕೂತಳು, ಇನ್ನೊಬ್ಬಳು ಬಂದಳು. ಹನ್ನೊಂದೂ ಜನ ಕೂತೆವು. ಗಂಡಸರು ಸ್ವಲ್ಪ ಹೊತ್ತು ಆಕಾಶ ನೋಡಿದರು, ಚಪ್ಪಲಿ ನೋಡಿದರು. ಆಮೇಲೆ ಅವರಲ್ಲೂ ಅರ್ಧ ಜನ ಕೂತರು. ಉಳಿದರ್ಧ ಕೂರಲೂ ಇಲ್ಲ, ಕೆಲಸವನ್ನೂ ಮಾಡಲಿಲ್ಲ. ಗಂಡಸರ ಧೈರ್ಯ ಬರುವುದೇ ಹಾಗೆ, ಕಂತಿನಲ್ಲಿ.

"ಎಲ್ಲರನ್ನೂ ಈಗಲೇ ಕಿತ್ತು ಹಾಕ್ತೀನಿ!" ಮೂವತ್ತು ಕಿರುಚಿದ. "ಗೇಟಿನ ಹೊರಗೆ ನೂರು ಜನ ಕಾಯ್ತಿದಾರೆ!"

"ಕರೀರಿ ಸಾರ್" ಎಂದಳು ಅತ್ತಿಗೆ. "ಅವರಿಗೂ ಹೊಟ್ಟೆ ಕೆಳಗೆ ಇರೋದು ಅದೇ."

ಪೆಟ್ಟಿಗೆಯ ಜೊತೆ ಕಾರ್ಖಾನೆಯ ಮೇಸ್ತ್ರಿ ಬಂದಿದ್ದ. ಬಿಳಿ ತಲೆ, ದಾರ ಕಟ್ಟಿದ ಕನ್ನಡಕ. ಅಲ್ಲಿಯವರೆಗೆ ಲಾರಿಯ ನೆರಳಲ್ಲಿ ತನ್ನ ಪಾಡಿಗೆ ತಾನು ಕೂತಿದ್ದ. ಮೂವತ್ತು ಒಂದು ತಪ್ಪು ಮಾಡಿದ. ಗೂಬೆ ಕೂರಿಸಲು ಒಂದು ತಲೆ ಬೇಕಿತ್ತು, ಅವನ ತಲೆ ಆರಿಸಿಕೊಂಡ.

"ನಿಮ್ಮ ಪೆಟ್ಟಿಗೆನೇ ಸೊಟ್ಟ!" ಎಂದ.

ಮೇಸ್ತ್ರಿ ಎದ್ದು ಬಂದ. "ಮೂವತ್ತಾರು ವರ್ಷದಿಂದ ಕಬ್ಬಿಣ ಬೆಸೀತಿದೀನಿ. ನನ್ನ ಪೆಟ್ಟಿಗೆ ಸೊಟ್ಟ ಅಂದ್ರಾ? ನೀರಿನ ಪೈಪ್ ಯಾರ ಹತ್ರ ಇದೆ?"

ಅತ್ತಿಗೆ ಕೂತಲ್ಲಿಂದಲೇ ಕೈ ಎತ್ತಿದಳು.

ಮೊದಲ ತಟ್ಟೆಯ ಹತ್ತಿರ ಮೇಸ್ತ್ರಿ, ಕೊನೆಯ ತಟ್ಟೆಯ ಹತ್ತಿರ ಅತ್ತಿಗೆ. ಎಲ್ಲರೂ ಒಂದು ಪೈಪಿನ ನೀರು ನಿಲ್ಲುವುದನ್ನೇ ಕಾಯುತ್ತಿದ್ದೆವು. ಮೇಸ್ತ್ರಿ ಅತ್ತಿಗೆಯ ತುದಿಗೆ ಬಂದು ಟೇಪು ಹಿಡಿದು ಅಳೆದ. ಇಪ್ಪತ್ತೊಂಬತ್ತು ಮಿಲಿಮೀಟರು.

"ಕಾರ್ಖಾನೆಯಲ್ಲಿ ನಾವು ಕೂದಲು ಸೀಳಿ ಲೆಕ್ಕ ಹಾಕ್ತೀವಿ. ಇಲ್ಲಿ ನೀವು ಎರಡು ಬೆರಳು ನುಂಗಿ ಕೂತಿದೀರಿ. ಇಷ್ಟು ದಿನ ಯಾರೂ ಹೇಳಲಿಲ್ವಾ?"

ಲೇಸರ್ ಸಾರ್ ತನ್ನ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ. ದಾರ ಸರಿಯಾಗೇ ಕಟ್ಟಿತ್ತು.

"ಹೇಳಿದ್ವಿ" ಎಂದಳು ಅತ್ತಿಗೆ. "ಕುಣಿಯೋಕೆ ಬರಲ್ಲ ಅಂದ್ರು."

ಮೂವತ್ತು ಗಂಟಲು ಸರಿಮಾಡಿಕೊಂಡ. "ಸರಿ. ಆಗಿದ್ದಾಯ್ತು. ಪಾಯ ಸರಿ ಮಾಡೋಣ. ಏಳಿ, ಕೆಲಸ ಶುರು ಮಾಡಿ."

ನಾವು ಏಳಲಿಲ್ಲ.

"ಇನ್ನೇನು ಬೇಕು?"

ಆಗ ಮಾತಾಡಿದ್ದು ನಾನು. ನನಗೇ ಗೊತ್ತಿಲ್ಲದೆ ಬಾಯಿಂದ ಬಂತು. "ಕಕ್ಕಸು."

ಚೌಕಾಸಿ ನಡೆಯಿತು. ಆ ಮಟ್ಟದ ಚೌಕಾಸಿ ಸಂತೆಯಲ್ಲೂ ನಡೆಯುವುದಿಲ್ಲ. ಊಟದ ಹೊತ್ತಿಗೆ ಒಂದು ಸಲ ಕೀಲಿ ಕೊಡುತ್ತೇನೆ ಎಂದ. ಹೊಟ್ಟೆ ಗಡಿಯಾರ ನೋಡಲ್ಲ ಎಂದೆವು. ಎರಡು ಸಲ ಎಂದ. ಇಬ್ಬರಿಬ್ಬರು ಎಂದ. ಐದೈದು ನಿಮಿಷ ಎಂದ. "ಸಾರ್, ನೀವು ಬೆಳಿಗ್ಗೆಯಿಂದ ಎಷ್ಟು ಸಲ ಹೋದ್ರಿ? ನಾನು ಎಣಿಸಿದೀನಿ, ನಾಲ್ಕು" ಎಂದಳು ಹಿಂದೆ ಕೂತವಳೊಬ್ಬಳು. ಅಷ್ಟರಲ್ಲಿ ಲಾರಿಗಳ ಸಾಲು ರಸ್ತೆಯ ತಿರುವು ದಾಟಿತ್ತು. ಕಾರಿನವರು ಹಾರ್ನು ಬಾರಿಸುತ್ತಿದ್ದರು. ಮೂವತ್ತರ ಫೋನಿಗೆ ಮೇಲಿನಿಂದ ಕರೆ ಬಂತು. ಅವನು ಎದ್ದು ನಿಂತು ಮಾತಾಡಿದ. ಫೋನಿನಲ್ಲಿ ಅವನ ದನಿ ನಮ್ಮ ದನಿಯಂತೆಯೇ ಇತ್ತು. ಹೌದು ಸಾರ್, ಆಯ್ತು ಸಾರ್, ತಪ್ಪಾಯ್ತು ಸಾರ್.

ಸಂಜೆಗೆ ಮಾತು ಮುಗಿಯಿತು. ಮೇಸ್ತ್ರಿ ಕಾರ್ಖಾನೆಗೆ ಫೋನು ಮಾಡಿ, ಟೈಲು ಬಿರುಕು ಬಿಟ್ಟಿದೆ ಎಂದು ಮೂಲೆಗೆ ಎಸೆದಿದ್ದ ಕಕ್ಕಸಿನ ಪೆಟ್ಟಿಗೆಯೊಂದನ್ನು ತರಿಸಿದ. ಮಾರನೇ ದಿನ ಗುಂಡಿ ಅಗೆದು ಅದನ್ನು ಕೂರಿಸಿದರು. ಅತ್ತಿಗೆ ಅದರ ಮಟ್ಟವನ್ನೂ ನೋಡಿದಳು. ನಮ್ಮ ಪಾಲಿಗೆ ಬಂದದ್ದು ಒಡೆದ ಟೈಲು. ಆದರೆ ಬಾಗಿಲಿತ್ತು, ಒಳಗಿನಿಂದ ಹಾಕುವ ಚಿಲಕವಿತ್ತು. ಆ ದಿನ ನಾವು ಕೊಡಗಟ್ಟಲೆ ನೀರು ಕುಡಿದೆವು. ಬೇಕೆಂದೇ. ತಗ್ಗಿದ ಕಂಬಗಳ ತಟ್ಟೆ ಕಿತ್ತು, ಎತ್ತರಿಸಿ, ಮತ್ತೆ ಕೂರಿಸಲು ನಾಲ್ಕು ದಿನ ಹಿಡಿಯಿತು. ಪ್ರತಿ ತಟ್ಟೆಯನ್ನೂ ಪೈಪು ಹಿಡಿದು ನೋಡಿದವರು ನಾವಿಬ್ಬರೇ. ಮೂವತ್ತು ದಿನದ ಆಸ್ಪತ್ರೆ ಮೂವತ್ತನಾಲ್ಕು ದಿನಕ್ಕೆ ಎದ್ದಿತು. ಒಂದು ಬಾಗಿಲೂ ಕಿರ್ ಎನ್ನಲಿಲ್ಲ.

ಉದ್ಘಾಟನೆಗೆ ನಮ್ಮನ್ನು ಕರೆಯಲಿಲ್ಲ. ವಾಚ್‌ಮನ್ ಹೇಳಿದ. ಮೂವತ್ತು ವೇದಿಕೆಯ ಮೇಲೆ ಗೆಲುವಿನ ಗುಟ್ಟು ಹೇಳಿದನಂತೆ. ಇಂಥ ಕಟ್ಟಡ ಗೆಲ್ಲುವುದು ನೆಲದಲ್ಲಿ, ಅದಕ್ಕೇ ನಾವು ಮಟ್ಟವನ್ನು ಎರಡೆರಡು ಸಲ ಪರೀಕ್ಷಿಸಿದೆವು ಎಂದನಂತೆ. ಲೇಸರ್ ಸಾರ್‌ಗೆ ಹೂವಿನ ಗುಚ್ಛ ಕೊಟ್ಟರಂತೆ. ಮಾರನೇ ದಿನ ಹಾಜರಿ ಮಿಷನ್ನಿಗೆ ಹೆಬ್ಬೆಟ್ಟು ಒತ್ತಿದಾಗ ಕೆಂಪು ದೀಪ ಹತ್ತಿತು. ನನಗೆ ಅದು ರೂಢಿ. ಅತ್ತಿಗೆ ಒತ್ತಿದಳು, ಕೆಂಪು. ಅಣ್ಣ ಒತ್ತಿದ, ಕೆಂಪು. ಅವರ ಬೆರಳಲ್ಲಿ ಅಂಟಿರಲಿಲ್ಲ.

ಎರಡು ತಿಂಗಳು ಅಲ್ಲಿ ಇಲ್ಲಿ ದುಡಿದೆವು. ಗೋಡೆ ಸುಣ್ಣ, ಚರಂಡಿ, ಸಿಕ್ಕಿದ್ದು. ನನ್ನ ಉರಿಮೂತ್ರ ವಾಸಿಯಾಯಿತು. ಒಂದು ಬೆಳಿಗ್ಗೆ ಅತ್ತಿಗೆಯ ಫೋನು ಹೊಡೆದುಕೊಂಡಿತು. ಲೇಸರ್ ಸಾರ್.

"ಅಕ್ಕಾ, ಚೆನ್ನಾಗಿದೀರಾ?"

ಅತ್ತಿಗೆ ಫೋನನ್ನು ದೂರ ಹಿಡಿದು ಒಮ್ಮೆ ನೋಡಿದಳು. "ಯಾವಾಗಿಂದ ಅಕ್ಕ ಆದೆ ಸಾರ್?"

ಹೊಸ ಕೆಲಸ. ಇಪ್ಪತ್ತೈದು ದಿನದಲ್ಲಿ ಶಾಲೆ. ಪಾಯ ಇನ್ನೂ ಆಗಬೇಕು. ಈ ಸಲ ಮೊದಲಿನಿಂದಲೂ ನೀವೇ ಮಟ್ಟ ನೋಡಬೇಕು, ಕಾರ್ಖಾನೆಯ ಮೇಸ್ತ್ರಿ ಹಠ ಹಿಡಿದಿದ್ದಾನೆ, ನೀವು ನೋಡದ ನೆಲಕ್ಕೆ ಒಂದು ಪೆಟ್ಟಿಗೆಯನ್ನೂ ಕಳಿಸುವುದಿಲ್ಲ ಎನ್ನುತ್ತಿದ್ದಾನೆ. ಹಳೆಯ ಹೆಂಗಸರನ್ನೆಲ್ಲ ಕರೆದುಕೊಂಡು ಬನ್ನಿ, ಅಣ್ಣನೂ ಬರಲಿ.

ನಾವು ಹನ್ನೊಂದು ಜನ, ಅಣ್ಣ ಸೇರಿ ಹನ್ನೆರಡು, ಕಂಪನಿಯ ಲಾರಿಯಲ್ಲಿ ಹೋದೆವು. ಅಗಲವಾದ ಬಯಲು. ಸುಣ್ಣದ ಗೆರೆ ಎಳೆದಿದ್ದರು. ಒಂದು ಅಗೆಯುವ ಯಂತ್ರ ಮೂತಿ ತಗ್ಗಿಸಿ ನಿಂತಿತ್ತು. ಮೂವತ್ತು ಗಡಿಯಾರ ನೋಡಿಕೊಳ್ಳುತ್ತಾ ಲಾರಿಯ ಹತ್ತಿರ ಬಂದ. ಅವನನ್ನು ಇನ್ನು ಇಪ್ಪತ್ತೈದು ಎಂದು ಕರೆಯಬೇಕೇನೋ ಎಂದು ನಮ್ಮಲ್ಲೇ ಪಿಸುಮಾತು ನಡೆಯಿತು.

"ಬನ್ನಿ ಬನ್ನಿ, ಇಳೀರಿ. ಆಗಲೇ ಏಳೂವರೆ ಆಯ್ತು."

ಯಾರೂ ಇಳಿಯಲಿಲ್ಲ. ಅತ್ತಿಗೆ ಲಾರಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಬಯಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಎಲ್ಲಿ ಸಾರ್?"

"ಏನು ಎಲ್ಲಿ?"

ಹನ್ನೊಂದು ಜೊತೆ ಕಾಲುಗಳು ಲಾರಿಯ ಅಂಚಿನಿಂದ ತೂಗುತ್ತಿದ್ದವು. ಅವನು ಹಲ್ಲು ಕಚ್ಚಿದ. ಗಡಿಯಾರ ನೋಡಿದ. ಎಲ್ಲವನ್ನೂ ಮೊದಲೇ ತೀರ್ಮಾನ ಮಾಡಿಕೊಳ್ಳುವ ಮನುಷ್ಯನಿಗೆ ಇದೊಂದು ಮತ್ತೆ ಮರೆತುಹೋಗಿತ್ತು. ಒಂದು ಗಂಟೆ ಹೀಗೇ ಕಳೆಯಿತು. ನಾವು ಕಡಲೆ ತಿಂದೆವು. ಕೊನೆಗೆ ಅವನು ಅಗೆಯುವ ಯಂತ್ರದವನಿಗೆ ಕೈ ಬೀಸಿದ. ಯಂತ್ರ ಗುಡುಗುಟ್ಟಿಕೊಂಡು ಶಾಲೆಯ ಗೆರೆ ಬಿಟ್ಟು, ಬೇಲಿಯ ಮೂಲೆಗೆ ಹೋಗಿ ನೆಲಕ್ಕೆ ಬಾಯಿ ಹಾಕಿತು.

"ಸ್ವಲ್ಪ ಎಡಕ್ಕೆ!" ಎಂದು ಲಾರಿಯಿಂದ ಒಬ್ಬಳು ಕೂಗಿದಳು. "ಅಲ್ಲಿ ಬಂಡೆ ಇದೆ, ಈ ಕಡೆ ಬಾ!" ಎಂದಳು ಇನ್ನೊಬ್ಬಳು. ಅಣ್ಣ ಲಾರಿಯ ಮೇಲೆ ಎದ್ದು ನಿಂತು ಕೈಸನ್ನೆ ಮಾಡತೊಡಗಿದ.

ಯಂತ್ರದವನು ತಲೆ ಹೊರಗೆ ಹಾಕಿದ. "ಗುಂಡಿ ಎಷ್ಟು ಆಳ ಇರಬೇಕಕ್ಕಾ?"

ಅತ್ತಿಗೆ ಮೂವತ್ತನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು.

"ಸಾರ್ ಒಳಗಿಳಿದು ನಿಂತ್ರೆ ತಲೆ ಕಾಣಬಾರದು. ಅಷ್ಟು."